ಮಂಡಕ್ಕಿ, ಮೆಣಸಿನಕಾಯಿ ಮತ್ತು ವೈಟ್ ವೈನ್

ಹೋದ ಬೇಸಿಗೆಯಲ್ಲಿ ನನ್ನ ಬಾಮೈದ ಬೆಂಗಳೂರಿನಿಂದ ದಾವಣಗೆರೆಗೆ ಬರುವಾಗ ಎರಡು ಬಾಟಲಿ ವೈಟ್ ವೈನ್ ತಂದಿದ್ದ. ಒಂದು ಸೊವಿನ್ಯಾನ್ ಬ್ಲಾಂಕ್, ಇನ್ನೊಂದು ಶೆನಿನ್ ಬ್ಲಾಂಕ್. ಎರಡೂ ಫ್ರಾನ್ಸ್ ಮೂಲದ ದ್ರಾಕ್ಷಿ ತಳಿಗಳು. ಈಗ ನಾಸಿಕ್ ಕಡೆ ಚೆನ್ನಾಗಿ ಬೆಳೆಯುತ್ತಾರೆ. ಸೊವಿನ್ಯಾನ್ ಅಂತೂ ನಮಗೆ ಹತ್ತಿರದ ಹಂಪಿ ಸೀಮೆಯಲ್ಲೂ ಇದೆ.

ಸಂಜೆಗೆ ಗೆಳೆಯ ಶಿವು ಬಂದ. ಅವನ ಪಾಲಿಗೆ ವೈನ್ ಅಂದರೆ ಕ್ರಿಸ್‌ಮಸ್‌ನಲ್ಲಿ ಪಕ್ಕದ ಮನೆಯವರು ಕೊಡುವ ಸಿಹಿ ಕೆಂಪು ಪಾನಕ, ಅಷ್ಟೇ. ಮಧ್ಯಾಹ್ನದಿಂದ ಕರೆಂಟ್ ಇರಲಿಲ್ಲ. ಬಾಟಲಿ ಮುಟ್ಟಿದರೆ ಬೆಚ್ಚಗೆ. 'ರೂಮ್ ಟೆಂಪರೇಚರ್‌ನಲ್ಲಿ ಕುಡೀಬೇಕಂತಲ್ಲ' ಎಂದ ಶಿವು. ಆ ಮಾತು ರೆಡ್ ವೈನ್‌ಗೆ, ಅದೂ ಯೂರೋಪಿನ ತಣ್ಣನೆಯ ಮನೆಗಳನ್ನು ನೋಡಿ ಹೇಳಿದ್ದು. ನಮ್ಮೂರಿನ ಮೇ ತಿಂಗಳ ರೂಮಿಗೆ ಯಾವ ವೈನೂ ಲಾಯಕ್ಕಲ್ಲ.

ಕಬ್ಬಿನ ಹಾಲಿನ ಅಂಗಡಿಯಿಂದ ಐಸ್ ತಂದೆವು. ಬಾಮೈದ ಸ್ಟೀಲ್ ಬಕೆಟ್‌ಗೆ ಐಸ್ ಹಾಕಿ, ಮೇಲೆ ನೀರು ಸುರಿದು, ಒಂದು ಹಿಡಿ ಕಲ್ಲುಪ್ಪು ಹಾಕಿದ. 'ನೀರು ಯಾಕಪ್ಪ, ಐಸ್ ಎಲ್ಲ ಕರಗಿ ಹೋಗ್ತೈತಿ!' ಎಂದು ಶಿವು ತಕರಾರು ತೆಗೆದ. ಬರೀ ಐಸ್ ಇದ್ದರೆ ಗಡ್ಡೆಗಳ ಸಂದಿಯಲ್ಲಿ ಗಾಳಿ ತುಂಬಿಕೊಳ್ಳುತ್ತದೆ, ಬಾಟಲಿಗೆ ತಣ್ಣಗೆ ತಾಗುವುದು ಅಲ್ಲಲ್ಲಿ ಮಾತ್ರ. ನೀರಾದರೆ ಸುತ್ತಲೂ ಮುಟ್ಟುತ್ತದೆ. ಉಪ್ಪು ಬಿದ್ದರೆ ಆ ನೀರು ಸೊನ್ನೆ ಡಿಗ್ರಿಗಿಂತ ಕೆಳಗೂ ಹೋಗುತ್ತದೆ. ಕುತ್ತಿಗೆವರೆಗೂ ಮುಳುಗಿಸಿಟ್ಟರೆ ಇಪ್ಪತ್ತು ನಿಮಿಷ ಸಾಕು.

ಆದರೆ ತಣ್ಣಗಾದಷ್ಟೂ ಒಳ್ಳೆಯದು ಅಂತೇನಿಲ್ಲ. ಇಂಥ ಹಗುರ ವೈಟ್ ವೈನ್‌ಗೆ 7ರಿಂದ 10 ಡಿಗ್ರಿ ಸರಿ. ಫ್ರಿಜ್ ಒಳಗೆ ಸುಮಾರು 4 ಡಿಗ್ರಿ ಇರುತ್ತದೆ, ಹಾಗಾಗಿ ಫ್ರಿಜ್‌ನಿಂದ ತೆಗೆದರೆ ಸ್ವಲ್ಪ ಹೊತ್ತು ಹೊರಗಿಡಬೇಕು. ನಾವು ಬಾಟಲಿಯನ್ನು ಬಕೆಟ್‌ನಲ್ಲಿ ಜಾಸ್ತಿ ಹೊತ್ತೇ ಬಿಟ್ಟಿದ್ದೆವು. ಸೊವಿನ್ಯಾನ್ ಸುರಿದು ಮೂಸಿದರೆ ವಾಸನೆಯೇ ಇಲ್ಲ. ಗ್ಲಾಸಿನ ಹೊರಗೆಲ್ಲ ಬೆವರು. ಐದು ನಿಮಿಷ ಸುಮ್ನೆ ಕೂತೆವು. ಮತ್ತೆ ಗ್ಲಾಸು ಮೆಲ್ಲಗೆ ತಿರುಗಿಸಿ ಮೂಗಿಟ್ಟಾಗ, ಆಗಷ್ಟೇ ಹೆಚ್ಚಿದ ದಪ್ಪ ಮೆಣಸಿನಕಾಯಿಯ ಹಸಿ ವಾಸನೆ! ನನ್ನ ಹೆಂಡತಿ 'ರೀ, ಇದು ಕ್ಯಾಪ್ಸಿಕಂ ಅಲ್ವಾ?' ಎಂದು ಮೊದಲು ಗುರುತಿಸಿದಳು. ನಿಜ, ದಪ್ಪ ಮೆಣಸಿನಕಾಯಿಗೆ ಆ ವಾಸನೆ ಕೊಡುವ ಪೈರಜೀನ್ ಎಂಬ ಅಂಶ ಈ ದ್ರಾಕ್ಷಿಯಲ್ಲೂ ಇರುತ್ತದಂತೆ. ಆಮೇಲೆ ನಿಂಬೆ ಸಿಪ್ಪೆ ನನಗೂ ಸಿಕ್ಕಿತು.

ಗ್ಲಾಸುಗಳನ್ನು ಮಂಡಿಪೇಟೆಯಲ್ಲಿ ಕೊಂಡಿದ್ದೆ, ಉದ್ದ ಕಡ್ಡಿಯವು. ಕಡ್ಡಿ ಹಿಡಿದುಕೊಂಡರೆ ಅಂಗೈ ಶಾಖ ವೈನ್‌ಗೆ ತಟ್ಟುವುದಿಲ್ಲ. ಮೂರನೇ ಒಂದು ಭಾಗ ಮಾತ್ರ ಸುರಿಯಬೇಕು. ಖಾಲಿ ಜಾಗದಲ್ಲೇ ವಾಸನೆ ನಿಲ್ಲುವುದು. ನಮ್ಮ ಸೆಕೆಗೆ ಇನ್ನೊಂದು ಲಾಭ: ಸ್ವಲ್ಪ ಸ್ವಲ್ಪವೇ ಹಾಕಿಕೊಂಡರೆ ಬಿಸಿಯಾಗುವಷ್ಟರಲ್ಲಿ ಮುಗಿದಿರುತ್ತದೆ. ಶಿವು ಗ್ಲಾಸಿಗೇ ಐಸ್ ಹಾಕಿಕೊಂಡ. ಪಾಪ ಏನಲ್ಲ, ಆದರೆ ಕೊನೆಗೆ ಉಳಿದದ್ದು ಸಪ್ಪೆ ನೀರು.

ಮೊದಲ ಗುಟುಕಿಗೆ ಅವನು ಮುಖ ಕಿವುಚಿದ್ದ. 'ಏನಲೇ ಇದು, ಹುಣಸೆಹಣ್ಣು ಹುಳಿ!' ಹೊಸಬರಿಗೆ ವೈಟ್ ವೈನ್ ಹಿಡಿಸದಿರುವುದು ಇಲ್ಲೇ. ಬರೀ ಹೊಟ್ಟೆಯಲ್ಲಿ, ಏನೂ ನೆಂಚಿಕೊಳ್ಳದೆ ಕುಡಿದರೆ ಹುಳಿಯೊಂದೇ ಎದ್ದು ಕಾಣುತ್ತದೆ. ಅಷ್ಟರಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಬಂತು. ಈರುಳ್ಳಿ, ಟೊಮೆಟೊ, ನಿಂಬೆರಸ ಬಿದ್ದ ಮಂಡಕ್ಕಿ ಎರಡು ತುತ್ತು ತಿಂದು ಅದೇ ಸೊವಿನ್ಯಾನ್ ಕುಡಿದ. ಹುಳಿ ಎಲ್ಲೋ ಮಾಯ. ಊಟದಲ್ಲಿ ಹುಳಿ ಇದ್ದರೆ ವೈನಿನ ಹುಳಿ ನಾಲಿಗೆಗೆ ಕಡಿಮೆ ಅನ್ನಿಸುತ್ತದೆ. ಬಜ್ಜಿಯ ಎಣ್ಣೆ ಜಿಡ್ಡನ್ನೂ ಅದು ತೊಳೆದು ಹಾಕುತ್ತದೆ.

ಖಾರದ ಲೆಕ್ಕ ಬೇರೆ. ಖಾರ ತಿಂದು ಆಲ್ಕೋಹಾಲ್ ಬಿದ್ದರೆ ಉರಿ ಹೆಚ್ಚುತ್ತದೆ. ಬಜ್ಜಿಯೊಳಗಿನ ಮೆಣಸಿನಕಾಯಿ ಕಚ್ಚಿದ ಮೇಲೆ ಸೊವಿನ್ಯಾನ್ ನನಗೆ ಹಿಡಿಸಲಿಲ್ಲ. ಶೆನಿನ್ ಬ್ಲಾಂಕ್ ತುಸು ಸಿಹಿಯಿತ್ತು, ಖಾರಕ್ಕೆ ಒಗ್ಗಿತು. ನಮ್ಮ ಕಡೆಯ ಊಟಕ್ಕೆ ಮೊದಲ ಬಾಟಲಿ ಕೊಳ್ಳುವವರಿಗೆ ನಾನು ಅದನ್ನೇ ಹೇಳುತ್ತೇನೆ.

ಸೊವಿನ್ಯಾನ್ ಅರ್ಧ ಮಿಕ್ಕಿತ್ತು. ಮುಚ್ಚಳ ಬಿಗಿದು ಫ್ರಿಜ್‌ನಲ್ಲಿಟ್ಟರೆ ಮೂರು ದಿನಕ್ಕೇನೂ ಮೋಸವಿಲ್ಲ.

'ಮುಂದಿನ ಸಲ ಶಾರ್ಡೊನೆ ತರ್ತೀನಿ ಭಾವ, ಬೆಣ್ಣೆ ದೋಸೆ ಜೊತೆ ನೋಡೋಣ' ಎಂದ ಬಾಮೈದ. ಶಾರ್ಡೊನೆ ಅಂದರೆ ಇನ್ನೊಂದು ಬಗೆಯ ವೈಟ್ ವೈನ್. ಕೆಲವು ಶಾರ್ಡೊನೆಗೆ ಬೆಣ್ಣೆಯದ್ದೇ ವಾಸನೆ ಇರುತ್ತದೆ. ಡಯಾಸಿಟೈಲ್ ಎಂಬ ಅದೇ ಅಂಶ ಬೆಣ್ಣೆಯಲ್ಲೂ ಉಂಟು. ಶಿವು ಪಾರ್ಸಲ್ ತರುವ ಹೊಣೆ ಹೊತ್ತ. ನನ್ನ ಹೆಂಡತಿ ಒಪ್ಪಲಿಲ್ಲ. ಪಾರ್ಸಲ್ ಕಟ್ಟಿಸಿದರೆ ದೋಸೆ ಮೆತ್ತಗಾಗುತ್ತದೆ, ಹಿಟ್ಟು ರುಬ್ಬಿ ಮನೆಯಲ್ಲೇ ಹುಯ್ಯೋಣ, ಬೆಣ್ಣೆ ಮಾತ್ರ ಶಿವು ತರಲಿ ಎಂದಳು.