ಉಗುರಗಲದ ನಂಬರು

ಶಿರಸಿಯ ತೋಟದ ಮನೆಯಿಂದ ನಮ್ಮ ಮ್ಯೂಸಿಯಂಗೆ ಬಂದ, ಅಡಿಕೆ ಸುಲಿಯೋ ಹಳೇ ಮೆಟ್ಟುಗತ್ತಿಗೆ ಇವತ್ತು ದಾಖಲೆಯ ನಂಬರು ಬಿತ್ತು.

ಕೊಡೋಕೆ ಬಂದ ಅಜ್ಜಿ ಬಾಗಿಲಲ್ಲೇ ಕೇಳಿದ್ರು, 'ಇದ್ರ ಮೇಲೆ ನಂಬರು ಬರೆಯೋಕೂ ಸಂಬಳ ಕೊಡ್ತಾರಾ ತಂಗಿ?'
ಕೊಡ್ತಾರೆ ಅಜ್ಜಿ. ಸ್ವಲ್ಪ.

ಅಡಿಕೆ ಸುಲಿಯುವಾಗ ಕಾಲಿಟ್ಟು ಕೂರೋ ಮಣೆ ಸವೆದು ಹೊಳಪು ಬಂದಿದೆ. ಅಲ್ಲಿ ಬರೆಯೋ ಹಾಗಿಲ್ಲ, ಆ ಸವೆತವೇ ಅದರ ಚರಿತ್ರೆ. ಕಬ್ಬಿಣದ ಮೇಲೂ ಬೇಡ. ಕೊನೆಗೆ ಮಣೆಯ ಅಡಿ, ಹಿಂದಿನ ಮೂಲೆ. ಮೊದಲು ಪ್ಯಾರಲಾಯ್ಡ್ ಬಿ-72 ಅನ್ನೋ ಅಂಟಿನ ತೆಳು ಪದರ. ಒಣಗಿದ ಮೇಲೆ ಇಂಕಿನಲ್ಲಿ ನಂಬರು. ಮೇಲೆ ಇನ್ನೊಂದು ಪದರ. ಬೇಡ ಅಂದ್ರೆ ಅಸಿಟೋನ್ ಹಚ್ಚಿ ತೆಗೀಬಹುದು, ಮರಕ್ಕೆ ಇಂಕು ಇಳಿಯಲ್ಲ. ಈ ಮಳೆಗಾಲದಲ್ಲಿ ಒಣಗೋದು ಮಾತ್ರ ದೇವರಿಗೇ ಪ್ರೀತಿ.

ಎಲ್ಲರಿಗೂ ಫೋಟೊ ಬೇಕು, ಬೇಗ ಆನ್‌ಲೈನ್‌ಗೆ ಹಾಕಿ ಅಂತಾರೆ. ಫೋಟೊ ಐದು ನಿಮಿಷದ ಕೆಲಸ. ಕತ್ತಿ ಕಪಾಟಿನಲ್ಲಿ, ವಿವರ ಕಂಪ್ಯೂಟರಿನಲ್ಲಿ. ಎರಡನ್ನೂ ಕಟ್ಟಿಹಾಕೋದು ಆ ನಂಬರು ಒಂದೇ. ಅದು ಅಳಿಸಿದ್ರೆ ಎರಡೂ ಅನಾಥ.

ದೇಶದ ದೊಡ್ಡ ಮ್ಯೂಸಿಯಂಗಳ ದಾಖಲೆಗೆ ಪುಣೆಯ ಸಿ-ಡ್ಯಾಕ್ ಅನ್ನೋ ಸರ್ಕಾರಿ ಕಂಪ್ಯೂಟರ್ ಸಂಸ್ಥೆ ಮಾಡಿದ 'ಜತನ್' ತಂತ್ರಾಂಶ ಇದೆ. ಅಳತೆ, ವಸ್ತು, ಕಾಲ, ಎಲ್ಲಕ್ಕೂ ಜಾಗ ಉಂಟು ಇಂಥದ್ರಲ್ಲಿ. ಆದ್ರೆ ಸುಗ್ಗಿಯ ರಾತ್ರಿ ಯಾರ್ಯಾರು ಸುತ್ತ ಕೂತು ಸುಲೀತಿದ್ರು, ಏನು ಮಾತಾಡ್ತಿದ್ರು ಅನ್ನೋದನ್ನ ಅಜ್ಜಿ ಹತ್ರ ಕೂತೇ ಬರ್ಕೋಬೇಕು. ಬರ್ಕೊಂಡೆ. ಎರಡು ಪುಟ ಆಯ್ತು, ಅದರಲ್ಲಿ ಅರ್ಧ ನಾದಿನಿ ಮೇಲಿನ ದೂರು. ಅದನ್ನೂ ಹಾಕ್ತೀನಿ.

ಕಾರವಾರದ ಗೆಳೆಯನಿಗೆ ಇದನ್ನೆಲ್ಲ ಹೇಳಿದ್ರೆ, 'ನಮ್ಮ ಟ್ಯಾಗೋರ್ ಬೀಚಿನಲ್ಲಿ ಮ್ಯೂಸಿಯಂ ಆಗಿ ನಿಂತಿರೋ ಚಪಲ್ ಯುದ್ಧನೌಕೆಗೆ ನಂಬರು ಎಲ್ಲಿ ಬರೀತೀಯೇ?' ಅಂದ.
ಅದಕ್ಕೆ ನೌಕಾಪಡೆಯೋರೇ ಬರೆದಿದ್ದಾರೆ ಮಾರಾಯ, ಆಳೆತ್ತರಕ್ಕೆ.