ಉರುಳಿಗೆ ಸಿಕ್ಕ ಕರಡಿ: ನನ್ನ ನೋಟ್‌ಬುಕ್ಕಿನಿಂದ

ದಿನ 1
ಶೇಂಗಾ ಹೊಲದ ಬೇಲಿ. 1994ರಲ್ಲಿ ಕರಡಿಧಾಮವಾದ ದರೋಜಿ ಗುಡ್ಡಗಳು ಅಲ್ಲಿಂದ ಕಾಣುತ್ತವೆ. ಕಾಡುಹಂದಿಗೆ ಇಟ್ಟ ಉರುಳಿಗೆ ಗಂಡು ಕರಡಿ ಬಿದ್ದಿತ್ತು. ಬೈಕಿನ ಕ್ಲಚ್ ವೈರ್, ಎಳೆದಷ್ಟೂ ಬಿಗಿ. ಡಾಕ್ಟರು ದೂರದಿಂದ ಅರಿವಳಿಕೆ ಸೂಜಿ ಹೊಡೆದರು. ಕಣ್ಣಿಗೆ ಬಟ್ಟೆ ಕಟ್ಟಿ ವೈರ್ ಕತ್ತರಿಸಿದೆವು. ಎಡ ಮುಂಗಾಲಿನ ಒಂದು ಉಗುರು ಬುಡಸಮೇತ ಹೋಗಿತ್ತು. ತೂಕ 96 ಕಿಲೊ. 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯ ಪ್ರಾಣಿ ಇದು, ಅರಣ್ಯ ಇಲಾಖೆಯನ್ನು ಬಿಟ್ಟು ನಾವು ಏನೂ ಮಾಡುವಂತಿಲ್ಲ. ನನ್ನ ಪಾಲಿಗೆ ಬಕೆಟ್ ಹೊರುವುದು, ಬರೆದಿಡುವುದು.

ದಿನ 6
ಗಾಯ ಮಾಯುವವರೆಗೆ ಕರಡಿ ನಮ್ಮ ಬಳಿ, ಜಾಲರಿಯ ಒಳಗೆ. ಬೆಲ್ಲ ಹಾಕಿದ ರಾಗಿ ಗಂಜಿ ಖಾಲಿ. ಮಾತ್ರೆಗಳು ಮಾತ್ರ ಪಾತ್ರೆಯ ತಳದಲ್ಲಿ, ತೊಳೆದಿಟ್ಟ ಹಾಗೆ! ಪುಡಿ ಮಾಡಿ ಜೇನುತುಪ್ಪದಲ್ಲಿ ಕಲಸಿ ಕೊಟ್ಟೆವು. ಆಮೇಲೆ ತಕರಾರಿಲ್ಲ.

ದಿನ 13
ತಪ್ಪು ನನ್ನದು. ಗಂಜಿ ಇಡುವಾಗ ಸುಮ್ನೆ ಹಾಡು ಗುನುಗುತ್ತಿದ್ದೆ. ಇವತ್ತು ಹಾಡು ಕೇಳಿದ್ದೇ ಕರಡಿ ಬಾಗಿಲಿಗೆ ಬಂತು. ನನಗೋ ಖುಷಿ. ವಾಚರ್ ಅಣ್ಣ ಬೈದರು: "ತಮ್ಮಾ, ಹಾಡಬ್ಯಾಡ. ನಾಳೆ ಹೊಲದಾಗ ಯಾರರ ಹಾಡಿದ್ರ ಅಲ್ಲಿಗೂ ಹೋಗ್ತೈತಿ." ನಾಳೆಯಿಂದ ಬಾಯಿ ಬಂದ್. ಕತ್ತಲಾದ ಮೇಲಷ್ಟೇ ಊಟ.

ದಿನ 21
ಗಾಯ ಮುಚ್ಚಿದೆ. ನಾವೆಲ್ಲ ಬಿಡೋಣ ಅಂದೆವು. ಡಾಕ್ಟರು ಒಪ್ಪಲಿಲ್ಲ. ಹುತ್ತದ ಒಂದು ದೊಡ್ಡ ಹೆಂಟೆ ತರಿಸಿ ಒಳಗಿಟ್ಟರು. ಕರಡಿ ಬಲಗಾಲಿನಿಂದ ಮಾತ್ರ ಕೆರೆಯಿತು. ಎಡಗಾಲು ಎದೆಗೆ ಮಡಚಿಕೊಂಡಿತ್ತು. ಒಣಗಿದ ಹುತ್ತ ಇಟ್ಟಿಗೆಯಷ್ಟು ಗಟ್ಟಿ, ಒಂದೇ ಕಾಲಿನಲ್ಲಿ ಹೊಟ್ಟೆ ತುಂಬುತ್ತದಾ?

ದಿನ 29
ಎರಡೂ ಕಾಲು! ಉಗುರು ಊರಿ ಹೆಂಟೆ ಸೀಳಿತು. ಮೊದಲು 'ಫೂ' ಎಂದು ಮಣ್ಣು ಊದಿತು. ಆಮೇಲೆ ತುಟಿ ಕೊಳವೆ ಮಾಡಿ ಗೆದ್ದಲು ಹೀರಿತು. ಮೇಲಿನ ಸಾಲಿನಲ್ಲಿ ನಡುವಿನ ಎರಡು ಹಲ್ಲು ಕರಡಿಗೆ ಇರುವುದಿಲ್ಲ, ಆ ಸಂದಿಯೇ ದಾರಿ. ಹೀರುವ ಸದ್ದು ಗೋಡೆಯಾಚೆಗೂ ಕೇಳುತ್ತಿತ್ತು. ನನ್ನನ್ನು ಕಂಡು ಗುರ್ರೆಂದು ಜಾಲರಿಗೆ ಹಾರಿತು. ಡಾಕ್ಟರು ನಕ್ಕಿದ್ದು ಆಗಲೇ.

ದಿನ 33
ನಿನ್ನೆ ಬೇಲಿಗಳನ್ನೆಲ್ಲ ನಡೆದು ನೋಡಿದೆವು. ಇನ್ನೂ ನಾಲ್ಕು ಉರುಳು ಸಿಕ್ಕವು. ಇವತ್ತು ಬೆಳಗಿನ ಜಾವ ಅದೇ ಗುಡ್ಡದ ಬುಡದಲ್ಲಿ ಹಗ್ಗ ಎಳೆದು ಬೋನು ತೆರೆದೆವು. ಅಲ್ಲಿನ ನೀರು, ಗವಿ ಎಲ್ಲ ಅದಕ್ಕೆ ಗೊತ್ತಲ್ವಾ. ಹೊರಗೆ ಬಂದು ಜೀಪಿಗೆ ಒಮ್ಮೆ 'ಹುಫ್' ಎಂದಿತು, ಬಂಡೆ ಹತ್ತಿತು. ಎಡಗಾಲು ಸ್ವಲ್ಪ ನೋಡಿಕೊಂಡೇ ಊರುತ್ತಿತ್ತು.

ದಿನ 41
ಕ್ಯಾಮೆರಾದಲ್ಲಿ ಬರೀ ನವಿಲು. ಹಳ್ಳದ ಪಕ್ಕದ ಹುತ್ತ ಮಾತ್ರ ಹೊಸದಾಗಿ ಒಡೆದಿತ್ತು. ಹಸಿ ಮಣ್ಣಿನಲ್ಲಿ ಎಡ ಮುಂಗಾಲಿನ ಹೆಜ್ಜೆ. ಎಣಿಸಿದೆ. ನಾಲ್ಕೇ ಉಗುರು.