‘ಅಕ್ಕಾ, ಆ ಗುಳಿಗಿ ಹೆಸರು ಹೇಳ್ರಿ’

ಶಾಲೆಯ ಸ್ಟಾಫ್ ರೂಮಿನಲ್ಲಿ, ಮದುವೆ ಮನೆಯಲ್ಲಿ, ಸೂಪರ್ ಮಾರ್ಕೆಟಿನಲ್ಲಿ ತರಕಾರಿ ಕೊಳ್ಳುವಾಗ, ಹೋದಲ್ಲೆಲ್ಲ ನನಗೆ ಒಂದೇ ಪ್ರಶ್ನೆ. “ಅಕ್ಕಾ, ನಿಮಗ ಅರ್ಧ ತಲಿ ನೋವು ಇತ್ತಲ್ರೀ? ಈಗ ಹೆಂಗ ಕಮ್ಮಿ ಆಗ್ಯದ? ಯಾವ ಗುಳಿಗಿ ತೊಗೊಂತೀರಿ, ಹೆಸರು ಹೇಳ್ರಿ.” ಕೆಲವರು ಬರೆದುಕೊಳ್ಳಲು ಫೋನ್ ತೆಗೆದು ಹಿಡಿದೇ ಕೇಳುತ್ತಾರೆ.

ಬರಿ ಹೆಸರು ಹೇಳಿ ನಾನು ಯಾರನ್ನೂ ಕಳಿಸುವುದಿಲ್ಲ. ಇದರಿಂದ ಕೆಲವರಿಗೆ ಬೇಜಾರಾಗಿದೆ, ಗೊತ್ತು. ನೋವು ಎಂಥದ್ದು ಅಂತ ಗೊತ್ತಿದ್ದವಳೇ ಹೀಗೆ ಮಾಡಿದರೆ ಹೇಗೆ ಅಂತ ಅನಿಸುತ್ತದೆ. ಹದಿನೆಂಟು ವರ್ಷದಿಂದ ಮೈಗ್ರೇನ್ ಜೊತೆ ಬದುಕುತ್ತಿದ್ದೇನೆ. ಬಾಗಿಲು ಕಿಟಕಿ ಮುಚ್ಚಿ, ಹಣೆಗೆ ಒದ್ದೆ ಬಟ್ಟೆ ಕಟ್ಟಿಕೊಂಡು, ಒಗ್ಗರಣೆ ವಾಸನೆಗೂ ವಾಂತಿ ಮಾಡಿಕೊಂಡು ಮಲಗಿದ ದಿನಗಳು ನನಗೆ ಚೆನ್ನಾಗಿ ನೆನಪಿವೆ. ಹೆಸರು ಹೇಳದೆ ಇರಲು ಕಾರಣ ನಮ್ಮ ವೈನಿ, ಅಂದರೆ ಅತ್ತಿಗೆ.

ನಾಲ್ಕು ವರ್ಷದ ಹಿಂದೆ ಶ್ರಾವಣದಲ್ಲಿ ಅವರು ಚಿತ್ತಾಪುರದಿಂದ ನಮ್ಮ ಮನೆಗೆ ಬಂದಿದ್ದರು. ಸೋಮವಾರದ ಉಪವಾಸ. ಮಧ್ಯಾಹ್ನದ ಹೊತ್ತಿಗೆ ತಲೆ ಸಿಡಿಯಲು ಶುರುವಾಯಿತು. ನಾನು ಶಾಲೆಯಲ್ಲಿದ್ದೆ. ಹಿಂದೊಮ್ಮೆ ನಾನೇ ಅವರಿಗೆ “ಈ ಗುಳಿಗಿ ನನಗ ಭಾಳ ಛಲೋ ಹತ್ಯದ” ಅಂದಿದ್ದೆ. ಆ ಮಾತು ನೆನಪಿಟ್ಟು, ಕಪಾಟಿನಲ್ಲಿದ್ದ ನನ್ನ ಸ್ಟ್ರಿಪ್‌ನಿಂದ ಒಂದು ಗುಳಿಗೆ ನುಂಗಿದರು. ಅರ್ಧ ಗಂಟೆಯಲ್ಲಿ ಎದೆ ಬಿಗಿದಂತಾಯಿತು, ಕುತ್ತಿಗೆ ಹಿಡಿಯಿತು. ಮಗ ಆಟೊದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದ, ನಾನು ಶಾಲೆಯಿಂದ ನೇರ ಅಲ್ಲಿಗೆ ಹೋದೆ. ಇಸಿಜಿ ಸರಿ ಇತ್ತು. ಬಿಪಿ ಮಾತ್ರ 170 ದಾಟಿತ್ತು. ವೈನಿಗೆ ಮೊದಲಿನಿಂದಲೂ ಬಿಪಿ ಇದೆ. ಗುಳಿಗೆಯನ್ನು ಮನಸ್ಸಿಗೆ ಬಂದಾಗ ತಗೊಳ್ಳುವುದು, ಬಿಡುವುದು ಅವರ ರೂಢಿ. ಡಾಕ್ಟರ್ ನನ್ನನ್ನೇ ನೋಡಿ ಕೇಳಿದರು, “ಬಿಪಿ ಇರೋರಿಗೆ ಈ ಗುಳಿಗೆ ಯಾರು ಕೊಟ್ರಿ?” ನಾನು ಕೈಯಾರೆ ಕೊಟ್ಟಿರಲಿಲ್ಲ. ಆದರೆ ಹೆಸರು ಹೇಳಿದ್ದು ನಾನೇ ಅಲ್ವಾ?

ನನ್ನದು ಟ್ರಿಪ್ಟಾನ್ ಗುಂಪಿನ ಗುಳಿಗೆ. ಸುಮಾಟ್ರಿಪ್ಟಾನ್, ರಿಜಾಟ್ರಿಪ್ಟಾನ್, ನಾರಾಟ್ರಿಪ್ಟಾನ್ ಎಲ್ಲ ಇದೇ ಗುಂಪಿನವು. ಇವು ಸಾಮಾನ್ಯ ನೋವಿನ ಗುಳಿಗೆಯ ಹಾಗಲ್ಲ. ಮೈಗ್ರೇನ್ ಬಂದಾಗ ತಲೆಯಲ್ಲಿ ಹಿಗ್ಗಿರುವ ರಕ್ತನಾಳಗಳನ್ನು ಬಿಗಿ ಮಾಡುತ್ತವೆ, ನೋವಿನ ಸಂದೇಶ ಹೊರಡುವುದನ್ನೂ ತಡೆಯುತ್ತವೆ. ಬಿಗಿ ಮಾಡುವ ಈ ಗುಣ ತಲೆಯೊಳಗೆ ಮಾತ್ರ ನಿಲ್ಲುವುದಿಲ್ಲ. ಹೃದಯದ ನಾಳಗಳಿಗೂ ಸ್ವಲ್ಪ ಮುಟ್ಟುತ್ತದೆ. ಹಾಗಾಗಿ ಹೃದಯದ ಕಾಯಿಲೆ ಇದ್ದವರಿಗೆ, ಲಕ್ವ ಹೊಡೆದವರಿಗೆ, ಹತೋಟಿಗೆ ಬಾರದ ಬಿಪಿ ಇರುವವರಿಗೆ ಇದನ್ನು ಕೊಡುವುದಿಲ್ಲ. ಏನೂ ಕಾಯಿಲೆ ಇಲ್ಲದವರಿಗೂ ಕೆಲವು ಸಲ ಎದೆ, ಕುತ್ತಿಗೆ ಬಿಗಿದಂತೆ, ಮೈ ಬಿಸಿಯಾದಂತೆ, ಜುಮುಜುಮು ಅಂದಂತೆ ಆಗುತ್ತದೆ. ಹೆಚ್ಚಿನವರಲ್ಲಿ ಅದು ತಾನಾಗಿಯೇ ಹೋಗುತ್ತದೆ. ಆದರೆ ಅದು ಯಾವ ಬಿಗಿತ ಅಂತ ಮನೆಯಲ್ಲಿ ಕೂತು ಊಹೆ ಮಾಡಲು ಆಗುತ್ತದೆಯೇ? ಎದೆ ಬಿಗಿತ ಜೋರಾಗಿದ್ದರೆ, ಇಳಿಯದಿದ್ದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಡಾಕ್ಟರ ಮುಂದೆ ಕೂತಾಗ ನಮ್ಮಲ್ಲಿ ಬಹಳ ಜನ ತಲೆನೋವಿನ ಬಗ್ಗೆ ಮಾತ್ರ ಹೇಳುತ್ತಾರೆ. ಬಿಪಿ, ಶುಗರ್, ಅಸ್ತಮಾ, ಹೊಟ್ಟೆ ಹುಣ್ಣು, ಕಿಡ್ನಿ, ಮನಸ್ಸಿನ ಕಾಯಿಲೆಗೆ ನುಂಗುವ ಗುಳಿಗೆ, ಬಸಿರು, ಗರ್ಭನಿರೋಧಕ ಗುಳಿಗೆ ಇವನ್ನೆಲ್ಲ ಹೇಳಬೇಕು. ನಾಚಿಕೆ ಪಟ್ಟು ಮುಚ್ಚಿಡುವುದು ಬೇಡ. ನೋವು ಬರುವ ಮೊದಲು ಕಣ್ಣ ಮುಂದೆ ಮಿಂಚಿನ ಗೆರೆ ಕಾಣುವ, ಅರ್ಧ ನೋಟ ಮಬ್ಬಾಗುವ ಹೆಂಗಸರಿಗೆ ಈಸ್ಟ್ರೋಜನ್ ಇರುವ ಗರ್ಭನಿರೋಧಕ ಗುಳಿಗೆ ಬೇಡವೆನ್ನುತ್ತಾರೆ, ಲಕ್ವದ ಅಪಾಯ ಹೆಚ್ಚುತ್ತದೆ ಅಂತ. ನನಗೆ ಇದು ಗೊತ್ತಾದಾಗ ಮೂವತ್ತೈದು ದಾಟಿತ್ತು. ಮೊದಲೇ ಯಾರಾದರೂ ಹೇಳಬಾರದಿತ್ತೇ ಅಂತ ಇವತ್ತಿಗೂ ಅನಿಸುತ್ತದೆ.

ಇನ್ನು ಗುಳಿಗೆಯನ್ನು ಯಾವಾಗ ತಗೊಳ್ಳಬೇಕು ಅನ್ನುವುದು. ನಮ್ಮ ಕಡೆ ಹೆಂಗಸರ ಒಂದು ಅಭ್ಯಾಸ ನನಗೆ ಸಂಕಟ ತರುತ್ತದೆ. ತಲೆ ಹಿಡಿಯಲು ಶುರುವಾಗಿರುತ್ತದೆ. “ಇರಲಿ, ರೊಟ್ಟಿ ಬಡದು ಮುಗಿಸ್ತೀನಿ, ಪಾತ್ರಿ ತೊಳೀತೀನಿ, ತಡಕೊಳ್ಳಾಕ ಆಗ್ಲಿಲ್ಲ ಅಂದ್ರ ಆಮ್ಯಾಲ ನುಂಗ್ತೀನಿ” ಅನ್ನುತ್ತಾರೆ. ಒಲೆ ಮುಂದೆ ಎರಡು ತಾಸು ಕಳೆಯುತ್ತದೆ. ಆಮೇಲೆ ನುಂಗಿದ ಗುಳಿಗೆ ಹತ್ತುವುದಿಲ್ಲ. ಮೈಗ್ರೇನ್ ಏರಿದಾಗ ಹೊಟ್ಟೆಯ ಕೆಲಸವೂ ನಿಧಾನವಾಗುತ್ತದೆ. ನುಂಗಿದ ಗುಳಿಗೆ ಹೊಟ್ಟೆಯಲ್ಲೇ ಕೂತಿರುತ್ತದೆ, ಇಲ್ಲವೇ ವಾಂತಿಯಲ್ಲಿ ಹೋಗುತ್ತದೆ. ಆಗ ಇನ್ನೊಂದು, ಮತ್ತೊಂದು ನುಂಗುತ್ತಾರೆ. ನೋವು ಸಣ್ಣದಿರುವಾಗಲೇ ಡಾಕ್ಟರ್ ಬರೆದುಕೊಟ್ಟ ಪೂರ್ತಿ ಡೋಸ್ ತಗೊಂಡರೆ ಒಂದರಲ್ಲೇ ಮುಗಿಯುವ ಸಾಧ್ಯತೆ ಜಾಸ್ತಿ. ಅರ್ಧ ಗುಳಿಗೆ ಮುರಿದು ನುಂಗಿ ನೋಡುವುದು ಉಳಿತಾಯವಲ್ಲ. ವಾಂತಿ ಹೆಚ್ಚಿರುವವರಿಗೆ ಡಾಕ್ಟರ್ ಅದಕ್ಕೂ ಔಷಧ ಕೊಡುತ್ತಾರೆ, ಅದು ಹೊಟ್ಟೆಯ ಕೆಲಸವನ್ನೂ ಚುರುಕು ಮಾಡಬಹುದು. ಕಣ್ಣ ಮುಂದೆ ಮಿಂಚು ಕಾಣುವವರಿಗೆ ಒಂದು ಮಾತು: ಟ್ರಿಪ್ಟಾನ್ ಗುಳಿಗೆಯನ್ನು ಮಿಂಚು ಕಂಡಾಗಲ್ಲ, ನೋವು ಶುರುವಾದಾಗ ನುಂಗಬೇಕು.

ಟ್ರಿಪ್ಟಾನ್ ತಗೊಂಡು ನೋವು ಹೋಗಿ, ಮತ್ತೆ ತಿರುಗಿ ಬಂದರೆ ಮಾತ್ರ ಎರಡನೆಯದು. ಅದೂ ಕನಿಷ್ಠ ಎರಡು ತಾಸಿನ ಮೇಲೆ (ನಾರಾಟ್ರಿಪ್ಟಾನ್ ಆದರೆ ನಾಲ್ಕು), ಚೀಟಿಯಲ್ಲಿ ಬರೆದಿದ್ದರೆ. ಮೊದಲನೆಯದು ಏನೂ ಮಾಡಲಿಲ್ಲ ಅಂದರೆ ಅದೇ ನೋವಿಗೆ ಅದೇ ಗುಳಿಗೆಯನ್ನು ಮತ್ತೆ ನುಂಗುವುದರಲ್ಲಿ ಪ್ರಯೋಜನ ಕಡಿಮೆ. ಒಂದು ಸಲ ಹತ್ತಲಿಲ್ಲ ಅಂತ ಔಷಧವನ್ನೇ ಬಿಡಬೇಡಿ. ಎರಡು ಮೂರು ಸಲ ಸರಿಯಾದ ಹೊತ್ತಿಗೆ ತಗೊಂಡು ನೋಡಿ, ಆಮೇಲೆ ಡಾಕ್ಟರಿಗೆ ಹೇಳಿ. ಒಂದು ಟ್ರಿಪ್ಟಾನ್ ಹಿಡಿಸದವರಿಗೆ ಇನ್ನೊಂದು ಹಿಡಿಸಬಹುದು.

ಈಗ ನನ್ನ ಕಥೆ. ಮೈಗ್ರೇನ್ ಅಂತ ಗೊತ್ತಾಗುವ ಮೊದಲು ನಾನೂ ಹೆಸರು ಕೇಳಿ ಗುಳಿಗೆ ತಂದವಳೇ. ಓಣಿಯ ಔಷಧಿ ಅಂಗಡಿಯಲ್ಲಿ “ತಲಿನೋವಿಂದು ಕೊಡ್ರಿ” ಅಂದರೆ ಒಂದು ಗುಳಿಗೆ ಕೊಡುತ್ತಿದ್ದರು. ಚೀಟಿ ಕೇಳುತ್ತಿರಲಿಲ್ಲ. ಒಂದೇ ಗುಳಿಗೆಯಲ್ಲಿ ನಾಲ್ಕು ಔಷಧ: ಎರ್ಗೋಟಮಿನ್, ಕೆಫೀನ್, ಪ್ಯಾರಾಸಿಟಮಾಲ್, ವಾಂತಿಯದು ಒಂದು. ಮೊದಲು ತಿಂಗಳಿಗೆ ಎರಡು ಸಾಕಾಗುತ್ತಿತ್ತು. ಆಮೇಲೆ ವಾರಕ್ಕೆ ಎರಡಾಯಿತು. ಕೊನೆಗೆ ಬೆಳಿಗ್ಗೆ ಎದ್ದ ಕೂಡಲೇ ತಲೆ ನೋಯುತ್ತಿತ್ತು, ಗುಳಿಗೆ ನುಂಗಿದರೆ ಮಾತ್ರ ಶಾಲೆಗೆ ಹೋಗುವ ಹಾಗಾಗಿತ್ತು. ಕಾಯಿಲೆ ಬೆಳೆಯುತ್ತಿದೆ ಅಂತ ಹೆದರಿದ್ದೆ. ನರರೋಗದ ಡಾಕ್ಟರ್ ಎಲ್ಲ ಕೇಳಿಸಿಕೊಂಡು, ತಿಂಗಳಿಗೆ ಎಷ್ಟು ದಿನ ಗುಳಿಗೆ ತಗೊಳ್ತೀರಿ ಅಂತ ಕೇಳಿದರು. ನಾನು ಲೆಕ್ಕವನ್ನೇ ಇಟ್ಟಿರಲಿಲ್ಲ. ಹಳೆಯ ಸ್ಟ್ರಿಪ್‌ಗಳನ್ನು ಎಣಿಸಿ ನೋಡಿದರೆ ಇಪ್ಪತ್ತು ದಿನ ದಾಟುತ್ತಿತ್ತು.

ನೋವಿನ ಗುಳಿಗೆಯೇ ನೋವು ತರುತ್ತದೆ ಅಂದರೆ ನಂಬುವುದು ಕಷ್ಟ. ನನಗೂ ಆಗ ಸಿಟ್ಟೇ ಬಂದಿತ್ತು. ಆದರೆ ಇದು ಎಲ್ಲ ಕಡೆ ಗೊತ್ತಿರುವ ವಿಷಯ. ಟ್ರಿಪ್ಟಾನ್, ಎರ್ಗೋಟಮಿನ್, ಹೀಗೆ ಎರಡು ಮೂರು ಔಷಧ ಸೇರಿಸಿದ ಗುಳಿಗೆ, ಇವನ್ನು ತಿಂಗಳಿಗೆ 10 ದಿನ ಅಥವಾ ಹೆಚ್ಚು, ಮೂರು ತಿಂಗಳಿಗಿಂತ ಜಾಸ್ತಿ ತಗೊಂಡರೆ ತಲೆನೋವು ದಿನನಿತ್ಯದ್ದಾಗಬಹುದು. ಬರಿ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ತರದವಕ್ಕೆ ಆ ಗೆರೆ 15 ದಿನ. ಇಲ್ಲಿ ಎಣಿಸುವುದು ಗುಳಿಗೆಯನ್ನಲ್ಲ, ದಿನವನ್ನು. ಒಂದು ದಿನ ಎರಡು ನುಂಗಿದರೂ ಅದು ಒಂದೇ ದಿನ. ಹಲ್ಲುನೋವಿಗೆ, ಮೊಣಕಾಲು ನೋವಿಗೆ ನುಂಗಿದ್ದನ್ನೂ ಅದೇ ಲೆಕ್ಕಕ್ಕೆ ಸೇರಿಸಬೇಕು.

ಬಿಡುವುದು ಸುಲಭವಿರಲಿಲ್ಲ. ಮೊದಲ ವಾರ ನೋವು ಮೊದಲಿಗಿಂತ ಜೋರಾಯಿತು. ಅದು ಹೀಗೇ ಆಗುತ್ತದೆ ಅಂತ ಡಾಕ್ಟರ್ ಮೊದಲೇ ಹೇಳಿದ್ದರಿಂದ ತಡೆದುಕೊಂಡೆ. ಜೊತೆಗೆ ದಿನಾ ತಗೊಳ್ಳುವ ಒಂದು ಗುಳಿಗೆ ಶುರು ಮಾಡಿದರು. ಅದು ನೋವು ಇಳಿಸುವುದಲ್ಲ, ಬರುವುದನ್ನು ತಡೆಯುವುದು. ಅದರ ಗುಣ ಕಾಣಲು ಎರಡು ಮೂರು ತಿಂಗಳಾದರೂ ಬೇಕು. ನೀವಾಗಿಯೇ ಒಮ್ಮೆಲೆ ಎಲ್ಲ ಬಿಡಲು ಹೋಗಬೇಡಿ. ಯಾವುದನ್ನು ಒಮ್ಮೆಲೆ ನಿಲ್ಲಿಸಬೇಕು, ಯಾವುದನ್ನು ನಿಧಾನವಾಗಿ ಅನ್ನುವುದು ಡಾಕ್ಟರ್ ಹೇಳಬೇಕಾದ ಮಾತು.

ಆ ನಾಲ್ಕರ ಗುಳಿಗೆಯ ಬಗ್ಗೆ ಇನ್ನೂ ಒಂದೆರಡು ಹೇಳಲೇಬೇಕು, ಯಾಕೆಂದರೆ ನಮ್ಮ ಕಡೆ ಅದು ಎಲ್ಲರ ಪರ್ಸಿನಲ್ಲೂ ಇದೆ. ಎರ್ಗೋಟಮಿನ್ ರಕ್ತನಾಳವನ್ನು ಜೋರಾಗಿ ಬಿಗಿ ಮಾಡುತ್ತದೆ. ಬಸುರಿಯರು ಅದನ್ನು ಮುಟ್ಟಲೇಬಾರದು. ಗಂಟಲು, ಎದೆ ಕಫಕ್ಕೆ ಕೊಡುವ ಎರಿತ್ರೊಮೈಸಿನ್, ಕ್ಲಾರಿತ್ರೊಮೈಸಿನ್ ಜೊತೆ ಸೇರಿದರೆ ಎರ್ಗೋಟಮಿನ್ ಮೈಯಲ್ಲಿ ಏರುತ್ತಾ ಹೋಗುತ್ತದೆ, ಕೈಕಾಲಿನ ಬೆರಳಿಗೆ ರಕ್ತ ಹೋಗದೆ ತಣ್ಣಗಾಗಿ ಕಪ್ಪಾಗುವ ತನಕ ಹೋಗಬಹುದು. ಎರ್ಗೋಟಮಿನ್ ನುಂಗಿ 24 ತಾಸು ಆಗದೆ ಟ್ರಿಪ್ಟಾನ್ ನುಂಗುವಂತಿಲ್ಲ, ಎರಡೂ ಸೇರಿ ಬಿಗಿ ಮಾಡುತ್ತವೆ. ಆ ನಾಲ್ಕರ ಗುಳಿಗೆಯಲ್ಲಿರುವ ಪ್ಯಾರಾಸಿಟಮಾಲ್ ಅನ್ನೂ ಮರೆಯಬೇಡಿ. ಜ್ವರಕ್ಕೆ ಒಂದು, ತಲೆಗೆ ಒಂದು, ನೆಗಡಿಗೆ ಒಂದು ಅಂತ ನುಂಗಿದರೆ ಮೂರರಲ್ಲೂ ಪ್ಯಾರಾಸಿಟಮಾಲ್ ಇರಬಹುದು. ದೊಡ್ಡವರಿಗೆ ದಿನಕ್ಕೆ 4 ಗ್ರಾಂ, ಅಂದರೆ 500 ಮಿಲಿಗ್ರಾಂನ ಎಂಟು ಗುಳಿಗೆ ಮೇಲಿನ ಗೆರೆ. ಅದನ್ನು ದಾಟಿದರೆ ಲಿವರ್‌ಗೆ ಪೆಟ್ಟು. ಮೈ ತೂಕ ಕಡಿಮೆ ಇರುವವರಿಗೆ, ಕುಡಿಯುವವರಿಗೆ ಇನ್ನೂ ಕಡಿಮೆ. ಸ್ಟ್ರಿಪ್ ತಿರುಗಿಸಿ ಹಿಂದೆ ಏನು ಬರೆದಿದೆ ಓದಿ. ಅಕ್ಷರ ಸಣ್ಣದಿದ್ದರೆ ಮಕ್ಕಳ ಕೈಲಿ ಓದಿಸಿ.

ಇನ್ನೊಂದು ನಮ್ಮ ಊರಿನ ವಿಷಯ. ಏಪ್ರಿಲ್, ಮೇ ಬಂತೆಂದರೆ ಕಲಬುರಗಿಯ ಬಿಸಿಲು 42 ಡಿಗ್ರಿ ದಾಟುತ್ತದೆ. ಬಿಸಿಲಿಗೆ ಹೋಗಿ ಬಂದರೆ ತಲೆ ಹಿಡಿಯುತ್ತದೆ, ಮೈಯಲ್ಲಿ ನೀರು ಇರುವುದಿಲ್ಲ. ಆ ಹೊತ್ತಿನಲ್ಲಿ ಖಾಲಿ ಹೊಟ್ಟೆಗೆ ಡೈಕ್ಲೊಫೆನಾಕ್, ನಪ್ರಾಕ್ಸೆನ್, ಐಬುಪ್ರೊಫೆನ್ ತರದ ನೋವಿನ ಗುಳಿಗೆ ಬಿದ್ದರೆ ಹೊಟ್ಟೆಗೂ ಕಷ್ಟ, ಕಿಡ್ನಿಗೂ ಕಷ್ಟ. ಮೊದಲು ನೀರು, ಮಜ್ಜಿಗೆ, ಒಂದು ತುತ್ತು ಏನಾದರೂ. “ಒಂದು ಸೂಜಿ ಮಾಡ್ರಿ, ಲಗೂ ಇಳೀತದ” ಅಂತ ಹೋಗಿ ಹಾಕಿಸಿಕೊಳ್ಳುವ ಸೂಜಿಯಲ್ಲೂ ಬಹಳ ಸಲ ಇರುವುದು ಇದೇ ಡೈಕ್ಲೊಫೆನಾಕ್. ಗುಳಿಗೆ ನುಂಗಿ ಬಂದಿದ್ದರೆ ಅದನ್ನು ಹೇಳದೆ ಸೂಜಿ ಹಾಕಿಸಿಕೊಳ್ಳಬೇಡಿ. ಬಸುರಿಯರು, ಹಾಲುಣಿಸುವವರು ಯಾವುದನ್ನೂ ಕೇಳದೆ ತಗೊಳ್ಳಬಾರದು. ಗುಳಿಗೆಯನ್ನು ಸ್ಕೂಟಿ ಡಿಕ್ಕಿಯಲ್ಲಿ, ನಿಲ್ಲಿಸಿದ ಕಾರಿನಲ್ಲಿ ಇಡಬೇಡಿ, ಆ ಕಾವಿಗೆ ಅದು ಕೆಡುತ್ತದೆ. ವಾಂತಿ ನಿಲ್ಲಿಸುವ ಕೆಲವು ಔಷಧ ನಿದ್ದೆ ತರುತ್ತವೆ, ನುಂಗಿ ಗಾಡಿ ಓಡಿಸಬಾರದು.

ಕೆಲವು ತಲೆನೋವಿಗೆ ಗುಳಿಗೆ ಹುಡುಕುತ್ತಾ ಕೂರಲೇಬಾರದು. ಸಿಡಿಲು ಬಡಿದಂತೆ ಒಮ್ಮೆಲೆ ಬಂದ ನೋವು, ಜ್ವರ ಮತ್ತು ಕುತ್ತಿಗೆ ಸೆಟೆದಿರುವುದು, ಮಾತು ತೊದಲುವುದು, ಒಂದು ಕೈ ಅಥವಾ ಕಾಲು ಬಿದ್ದುಹೋಗುವುದು, ತಲೆಗೆ ಪೆಟ್ಟು ಬಿದ್ದ ಮೇಲಿನ ನೋವು. ಇವಕ್ಕೆಲ್ಲ ನೇರ ಆಸ್ಪತ್ರೆ. ಐವತ್ತರ ನಂತರ ಮೊದಲ ಸಲ ಮೈಗ್ರೇನ್ ತರದ ನೋವು ಶುರುವಾದರೂ, ಬಸುರಿನಲ್ಲಿ ಹೊಸದಾಗಿ ಬಂದರೂ ತಡ ಮಾಡದೆ ತೋರಿಸಿ.

ವೈನಿಗೆ ಆಮೇಲೆ ಡಾಕ್ಟರ್ ಪ್ರೊಪ್ರಾನೊಲಾಲ್ ಬರೆದುಕೊಟ್ಟರು. ಅದು ಬಿಪಿಯನ್ನೂ ಇಳಿಸುತ್ತದೆ, ಮೈಗ್ರೇನ್ ಬರುವುದನ್ನೂ ಕಡಿಮೆ ಮಾಡುತ್ತದೆ. ಅಸ್ತಮಾ ಇದ್ದಿದ್ದರೆ ಅವರಿಗೆ ಅದನ್ನು ಕೊಡುವಂತಿರಲಿಲ್ಲ. ನೋವು ಬಂದ ದಿನಕ್ಕೆ ಬೇರೆ ಗುಳಿಗೆ ಇದೆ, ನನ್ನದಲ್ಲ. ಅಡುಗೆ ಮನೆಯ ಕ್ಯಾಲೆಂಡರಿನಲ್ಲಿ ನೋವು ಬಂದ ದಿನಕ್ಕೆ ಸುತ್ತು ಹಾಕುತ್ತಾರೆ, ಗುಳಿಗೆ ನುಂಗಿದ ದಿನಕ್ಕೆ ಒಳಗೊಂದು ಚುಕ್ಕಿ. ತೋರಿಸಿಕೊಳ್ಳಲು ಹೋಗುವಾಗ ಆ ಕ್ಯಾಲೆಂಡರನ್ನೇ ಮೊಳೆಯಿಂದ ತೆಗೆದು ಚೀಲದಲ್ಲಿ ಹಾಕಿಕೊಂಡು ಕಲಬುರಗಿಯ ಬಸ್ಸು ಹತ್ತುತ್ತಾರೆ. ಹೋದ ತಿಂಗಳು ಅದರಲ್ಲಿ ಮೂರು ಸುತ್ತು, ಎರಡು ಚುಕ್ಕಿ ಇದ್ದವು.